ಮೂರನೇ ವಾರಕ್ಕೇ ಮಗು ಸಾಕರ್ ಬಿಡದಂತೆ ನೋಡಿಕೊಳ್ಳುವುದು ಹೇಗೆ: ಮೊದಲ ಸೀಸನ್‌ಗೆ ಸಮಗ್ರ ಮಾರ್ಗದರ್ಶಿ

ಸೆಪ್ಟೆಂಬರ್ ತಿಂಗಳ ನಡುವಿಗೆ ಬಂದರೆ ಸಾಕು, ನನಗೆ ಒಂದೇ ಥರದ ಫೋನ್ ಕರೆಗಳು. "ಫೀಸು ಕಟ್ಟಿದ್ದೀವಿ, ಶೂ ತಂದಿದ್ದೀವಿ, ಜರ್ಸಿ ಹಾಕ್ಕೊಂಡು ಕುಣಿದಾಡಿದ. ಫೀಲ್ಡ್ ಹತ್ತಿರ ಹೋದ್ರೆ ಮಾತ್ರ ನನ್ನ ಕಾಲು ತಬ್ಬಿಕೊಂಡು ಬಿಡೋದೇ ಇಲ್ಲ. ಏನ್ ಮಾಡೋದು?"

ನ್ಯೂಜೆರ್ಸಿಯ ನಮ್ಮೂರಿನ ರೆಕ್ ಸಾಕರ್‌ನಲ್ಲಿ (ಆಯ್ಕೆಯಿಲ್ಲದೆ ಯಾರು ಬೇಕಾದರೂ ಸೇರಿ ಖುಷಿಗೆ ಆಡುವ ಫುಟ್‌ಬಾಲ್) ಮಕ್ಕಳನ್ನು ಆಡಿಸಲು ಶುರುಮಾಡಿ ನಮಗೆ ಇದು ಆರನೇ ವರ್ಷ. ದೊಡ್ಡವಳು ಮೊದಲ ಸೀಸನ್ನನ್ನು ಅರ್ಧಕ್ಕೇ ಬಿಟ್ಟಳು. ಚಿಕ್ಕವನು ಬಿಡಲಿಲ್ಲ. ಇಬ್ಬರೂ ಹೊಸಬರ ಮುಂದೆ ಬಾಯಿ ಬಿಡದ ಮಕ್ಕಳೇ. ಆದರೆ ಮಗಳ ಸರದಿಯಲ್ಲಿ ನಾವು ಮೊದಲು ನೋಂದಣಿ ಮಾಡಿ, ಆಮೇಲೆ ಶೂ ತಂದು, ಕೊನೆಗೆ ಪಂದ್ಯದ ದಿನ ಚೆಂಡು ತೋರಿಸಿದೆವು. ಮಗನಿಗೆ ಎಲ್ಲಕ್ಕಿಂತ ಮುಂಚೆ ಚೆಂಡು ಬಂತು, ಆಮೇಲೆ ಮೈದಾನ, ಕೊನೆಯಲ್ಲಿ ತಂಡ. ಸೋಲುವವರೆಲ್ಲ ಬಹುಮಟ್ಟಿಗೆ ಈ ಕ್ರಮದಲ್ಲೇ ಎಡವುತ್ತಾರೆ ಎಂಬುದು ನನಗೆ ಈಗ ಖಾತ್ರಿಯಾಗಿದೆ.

ಇಲ್ಲಿರುವುದು 4ರಿಂದ 7 ವರ್ಷದವರ ಮೊದಲ ಸೀಸನ್‌ಗೆ ಬೇಕಾದ ವಿಷಯ ಮಾತ್ರ. ಬೇರೆ ಊರಿಗೆ ಹೋಗಿ ಆಡುವ ಟ್ರಾವೆಲ್ ಟೀಮು, ಅದರ ಆಯ್ಕೆಯ ಟ್ರೈಔಟ್ ಇತ್ಯಾದಿಗಳ ಮಾತು ಇಲ್ಲಿಲ್ಲ.

1. ನೋಂದಣಿ: ವಯಸ್ಸಿನ ಗುಂಪು ಸರಿಯಾಗಿ ನೋಡಿ

ಶರತ್ಕಾಲದ ಸೀಸನ್‌ಗೆ ಬೇಸಿಗೆ ರಜೆಯಲ್ಲೇ ಹೆಸರು ಕೊಡಬೇಕಾಗುತ್ತದೆ. ಮಗುವಿನ ಜನನ ಪ್ರಮಾಣಪತ್ರವನ್ನೋ ಪಾಸ್‌ಪೋರ್ಟನ್ನೋ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಯು6 ಅಂದರೆ ಆರು ತುಂಬದವರ ಗುಂಪು. ಆದರೆ ಯಾವ ತಾರೀಖಿಗೆ ಆರು ತುಂಬಿರಬಾರದು ಎಂಬಲ್ಲಿ ಗೊಂದಲವಾಗುತ್ತದೆ. ಕೆಲವು ವರ್ಷ ಹುಟ್ಟಿದ ಇಸವಿಯ ಪ್ರಕಾರ, ಅಂದರೆ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ಗುಂಪು ಮಾಡುತ್ತಿದ್ದರು. 2026-27ರ ಸೀಸನ್‌ನಿಂದ ಯುಎಸ್ ಯೂತ್ ಸಾಕರ್ ಮತ್ತು ಎವೈಎಸ್ಒ ಎಂಬ ದೇಶಮಟ್ಟದ ಮಕ್ಕಳ ಸಾಕರ್ ಸಂಸ್ಥೆಗಳು ಆಗಸ್ಟ್ 1ರಿಂದ ಜುಲೈ 31ರ ಲೆಕ್ಕಕ್ಕೆ ಬಂದಿವೆ. ಊರಿನ ಚಿಕ್ಕ ಲೀಗ್‌ಗಳು ಶಾಲೆಯ ತರಗತಿಯನ್ನೇ ಹಿಡಿಯುವುದೂ ಉಂಟು. ಅಕ್ಕನಿಗೆ ಹೇಗಿತ್ತೋ ತಮ್ಮನಿಗೂ ಹಾಗೇ ಅಂದುಕೊಂಡು ಫಾರಂ ತುಂಬಬೇಡಿ.

"ನಮ್ಮವನು ಚುರುಕಾಗಿದ್ದಾನೆ, ಒಂದು ಗುಂಪು ಮೇಲೆ ಹಾಕಿ" ಎಂದು ಕೇಳುವುದು ನಾನು ಕಂಡ ತಪ್ಪುಗಳಲ್ಲೇ ದುಬಾರಿಯಾದದ್ದು. ಐದು ವರ್ಷದವನಿಗೂ ಏಳು ವರ್ಷದವನಿಗೂ ಎತ್ತರ, ತೂಕದಲ್ಲಿ ಎಷ್ಟು ಅಂತರವಿದೆ ಅನ್ನುವುದು ಚೆಂಡಿಗಾಗಿ ಇಬ್ಬರೂ ಒಟ್ಟಿಗೆ ಓಡಿದಾಗ ಗೊತ್ತಾಗುತ್ತದೆ. ಹಾಗೆಯೇ, ಫಾರಂನಲ್ಲಿ ಗೆಳೆಯನ ಹೆಸರು ಬರೆಯುವ ಜಾಗವಿದ್ದರೆ ಖಾಲಿ ಬಿಡಬೇಡಿ. ಪರಿಚಯದ ಮುಖ ಒಂದೇ ಒಂದು ಇದ್ದರೂ ಮೊದಲ ದಿನದ ಅರ್ಧ ಭಾರ ಇಳಿಯುತ್ತದೆ.

2. ಸಾಮಾನು: ನಾಲ್ಕೇ ವಸ್ತು, ಆದರೆ ಅಳತೆ ತಪ್ಪಬಾರದು

ಚೆಂಡು. 8 ವರ್ಷದೊಳಗಿನವರಿಗೆ ಸೈಜ್ 3. ಮನೆಯಲ್ಲಿ ಬಿದ್ದಿರುವ ದೊಡ್ಡವರ ಸೈಜ್ 5 ಚೆಂಡನ್ನು ಕೊಟ್ಟರೆ ಮಗು ಎರಡು ಸಲ ಒದ್ದು, ಬೆರಳು ನೋಯಿಸಿಕೊಂಡು, ಮೂರನೇ ಸಲ ಕೈಯಲ್ಲಿ ಎತ್ತಿಕೊಳ್ಳುತ್ತದೆ. ಅಂಗಡಿಯ ಚೆಂಡಿನಲ್ಲಿ ಎಷ್ಟೋ ಸಲ ಗಾಳಿ ಇರುವುದಿಲ್ಲ. ಪಂಪಿನ ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಿ. ಒಣಗಿದ ಸೂಜಿ ವಾಲ್ವನ್ನು ಹಾಳು ಮಾಡುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಕಲ್ಲಿನಂತಿರಬಾರದು.

ಶಿನ್ ಗಾರ್ಡ್. ಮೊಣಕಾಲ ಕೆಳಗಿನ ಮುಂಭಾಗಕ್ಕೆ ಪೆಟ್ಟಾಗದಂತೆ ಕಟ್ಟುವ ಕವಚ. ಇದಿಲ್ಲದೆ ರೆಫರಿ ಒಳಗೆ ಬಿಡುವುದಿಲ್ಲ. ಮಗುವಿನ ಕಾಲಿಗೆ ಹಿಡಿದು ನೋಡಿ: ಕೆಳತುದಿ ಪಾದದ ಗಿಣ್ಣಿಗಿಂತ ತುಸು ಮೇಲೆ, ಮೇಲ್ತುದಿ ಮೊಣಕಾಲ ಚಿಪ್ಪಿಗಿಂತ ಎರಡು ಬೆರಳು ಕೆಳಗೆ. "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡದು ತಂದರೆ ಮಂಡಿ ಮಡಚಿದಾಗೆಲ್ಲ ಚುಚ್ಚುತ್ತದೆ. ಮಗುವಿಗೆ ಅದನ್ನು ಹೇಳಲು ಬರುವುದಿಲ್ಲ, ಆಟ ಬೇಡ ಅನ್ನುತ್ತದೆ.

ಕಾಲುಚೀಲ. ಮೊಣಕಾಲಿನವರೆಗೆ ಬರುವ ಸಾಕರ್ ಕಾಲುಚೀಲವೇ ಬೇಕು. ಮೊದಲು ಶಿನ್ ಗಾರ್ಡ್, ಅದರ ಮೇಲೆ ಕಾಲುಚೀಲ, ಕೊನೆಗೆ ಶೂ. ಗಾರ್ಡ್ ಪೂರ್ತಿ ಮುಚ್ಚಿರಬೇಕೆಂಬುದು ನಿಯಮ. ಇಲ್ಲಿ ಒಂದು ಉಪಾಯ: ಗಾರ್ಡಿನ ಮೇಲೆ ಕಾಲುಚೀಲ ಎಳೆಯಲು ಹೋದರೆ ಗಾರ್ಡು ಜಾರಿ ಪಕ್ಕಕ್ಕೆ ತಿರುಗುತ್ತದೆ. ಕಾಲುಚೀಲವನ್ನು ಪಾದ, ಹಿಮ್ಮಡಿಯವರೆಗೆ ಮಾತ್ರ ಹಾಕಿ, ಮೇಲಿನ ಭಾಗವನ್ನು ಬಳೆಯ ಹಾಗೆ ಸುತ್ತಿಡಿ. ಆಮೇಲೆ ಗಾರ್ಡನ್ನು ಕಾಲಿಗೆ ಹಿಡಿದು, ಸುತ್ತಿಟ್ಟದ್ದನ್ನು ಬಿಚ್ಚುತ್ತ ಮೇಲಕ್ಕೆ ತನ್ನಿ. ಹಾಸನದಿಂದ ಬಂದಿದ್ದ ನಮ್ಮತ್ತೆ ಎರಡನೇ ವಾರಕ್ಕೆ ಈ ದಾರಿ ಕಂಡುಕೊಂಡರು. ಅಲ್ಲಿಯವರೆಗೆ ನಾನೂ ನಮ್ಮನೆಯವರೂ ಮಗುವಿನ ಒಂದೊಂದು ಕಾಲು ಹಿಡಿದು ಒದ್ದಾಡುತ್ತಿದ್ದೆವು.

ಶೂ. ಮೊದಲ ಸೀಸನ್‌ಗೆ ಮಾಮೂಲಿ ರನ್ನಿಂಗ್ ಶೂ ಸಾಕಾಗುತ್ತದೆ, ಆದರೆ ಬೆಳಗಿನ ಇಬ್ಬನಿ ಹುಲ್ಲಿನಲ್ಲಿ ಜಾರುತ್ತದೆ. ಕ್ಲೀಟ್ಸ್ (ಅಡಿಯಲ್ಲಿ ಹಲ್ಲುಗಳಿರುವ ಶೂ) ತರುವುದಾದರೆ ಸಾಕರ್‌ದೇ ತನ್ನಿ. ಬೇಸ್‌ಬಾಲ್ ಕ್ಲೀಟ್ಸ್‌ನಲ್ಲಿ ಹೆಬ್ಬೆರಳಿನ ಮುಂದೆ ಒಂದು ಹಲ್ಲು ಹೆಚ್ಚಿಗೆ ಇರುತ್ತದೆ, ಅದನ್ನು ಇಲ್ಲಿ ಬಿಡುವುದಿಲ್ಲ. ತೋರುಬೆರಳಗಲಕ್ಕಿಂತ ಹೆಚ್ಚು ಜಾಗ ಮುಂದೆ ಉಳಿದರೆ ಶೂ ದೊಡ್ಡದಾಯಿತೆಂದೇ ಅರ್ಥ. ಲೇಸನ್ನು ಎರಡು ಗಂಟು ಹಾಕಿ, ಗಂಟು ಪಾದದ ಹೊರಬದಿಗೆ ಬರುವಂತೆ ಮಾಡಿ. ಚೆಂಡು ತಾಗುವ ಜಾಗದಲ್ಲಿ ಗಂಟಿದ್ದರೆ ಬಿಚ್ಚಿಕೊಳ್ಳುತ್ತದೆ.

ಇನ್ನು ನಮ್ಮವರಲ್ಲಿ ಬಹಳ ಜನ ಸಿಕ್ಕಿಬೀಳುವ ವಿಷಯ: ಒಡವೆ. ಓಲೆ, ಬಳೆ, ಕಾಲ್ಗೆಜ್ಜೆ, ಸರ ಯಾವುದೂ ನಡೆಯುವುದಿಲ್ಲ. ಟೇಪು ಸುತ್ತಿ ಮುಚ್ಚಿದರೂ ನಡೆಯದು, ನಿಯಮದಲ್ಲೇ ಹಾಗಿದೆ. ಕಿವಿ ಚುಚ್ಚಿಸಿ ಆರು ವಾರ ಓಲೆ ತೆಗೆಯಬಾರದು ಅನ್ನುತ್ತಾರೆ. ಆಗಸ್ಟ್‌ನಲ್ಲಿ ಚುಚ್ಚಿಸಿದರೆ ಸೀಸನ್ ಕೈಬಿಟ್ಟಂತೆಯೇ. ನವೆಂಬರ್ ಕಳೆದ ಮೇಲೆ ಇಟ್ಟುಕೊಳ್ಳಿ. ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಕೈಗೆ ಕಟ್ಟಿಸಿಕೊಂಡ ದಾರಕ್ಕೂ ಕೆಲವು ರೆಫರಿಗಳು ಬೇಡ ಅನ್ನುತ್ತಾರೆ. ಪಂದ್ಯದ ಹೊತ್ತಿಗೆ ಅದನ್ನು ಕತ್ತರಿಸುವುದೋ ಬಿಡುವುದೋ ಎಂದು ಮನಸ್ಸು ಕೆಡಿಸಿಕೊಳ್ಳುವ ಬದಲು ಮೊದಲೇ ಕೋಚ್‌ನ ಕೇಳಿ.

3. ಮನೆಯಲ್ಲಿ ನಾಲ್ಕು ವಾರ: ದಿನಕ್ಕೆ ಹತ್ತೇ ನಿಮಿಷ

ಈ ಹಂತವನ್ನು ಬಿಟ್ಟವರೇ ಸೆಪ್ಟೆಂಬರ್‌ನಲ್ಲಿ ಫೋನ್ ಮಾಡುವವರು. ಚೆಂಡು ಹೊಸದು, ಹುಲ್ಲು ಹೊಸದು, ಶೂ ಹೊಸದು, ಭಾಷೆ ಹೊಸದು, ಮುಖಗಳು ಹೊಸವು. ಐದನ್ನೂ ಒಂದೇ ಬೆಳಗ್ಗೆ ನಾಲ್ಕು ವರ್ಷದ ಮಗುವಿನ ಮೇಲೆ ಹೇರಿದರೆ ಅದು ಅಳದೆ ಇನ್ನೇನು ಮಾಡೀತು? ಇವುಗಳಲ್ಲಿ ಮೂರನ್ನಾದರೂ ಮನೆಯಲ್ಲೇ ಹಳತು ಮಾಡಿಬಿಡಿ.

ಮೊದಲ ವಾರ: ಚೆಂಡನ್ನು ತುಳಿದು ನಿಲ್ಲಿಸುವುದು, ಅಷ್ಟೇ. ನೀವು ನಿಧಾನಕ್ಕೆ ಉರುಳಿಸಿ, ಮಗು ಅಂಗಾಲಿನಿಂದ ಹಿಡಿದು ನಿಲ್ಲಿಸಲಿ. ಒದೆಯಲು ಕಲಿಸುವ ಆತುರ ಬೇಡ. ನಿಲ್ಲಿಸಲು ಬಂದ ಮಗುವಿಗೆ ಚೆಂಡು ತನ್ನ ಮಾತು ಕೇಳುತ್ತದೆ ಎಂಬ ಧೈರ್ಯ ಬರುತ್ತದೆ.

ಎರಡನೇ ವಾರ: ಚೆಂಡಿನ ಜೊತೆ ನಡಿಗೆ. ಒಂದು ಹೆಜ್ಜೆಗೆ ಒಂದು ಮುಟ್ಟು. ಅಡುಗೆಮನೆಯಿಂದ ಬಾಗಿಲವರೆಗೆ. ನಮ್ಮತ್ತೆ ಹಾಲಿನ ಕೊನೆಯಲ್ಲಿ ಊಟದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕುರ್ಚಿಯ ಕಾಲುಗಳ ನಡುವೆ ಚೆಂಡು ನುಗ್ಗಿದರೆ "ಬಂತು ಬಂತು, ಅಜ್ಜಿ ಮನೆಗೆ ಬಂತು!" ಎಂದು ಚಪ್ಪಾಳೆ. ಆ ಒಂದು ಚಪ್ಪಾಳೆಗಾಗಿ ಮಗ ಎಷ್ಟು ಸಲ ಓಡಿದನೋ ಲೆಕ್ಕವಿಲ್ಲ.

ಮೂರನೇ ವಾರ: ಹಿತ್ತಲಲ್ಲೋ ಪಾರ್ಕಿನಲ್ಲೋ ಚೆಂಡಿನ ಮುಟ್ಟಾಟ. ಇಬ್ಬರ ಹತ್ತಿರವೂ ಒಂದೊಂದು ಚೆಂಡು. ನಿಮ್ಮ ಚೆಂಡಿನಿಂದ ಅವನ ಕಾಲಿಗೆ ಮುಟ್ಟಿಸಬೇಕು, ಅವನು ತಪ್ಪಿಸಿಕೊಳ್ಳಬೇಕು. ತಲೆ ಎತ್ತಿ ನೋಡುವುದು ತಾನಾಗಿ ಬರುತ್ತದೆ. ಪಾದದ ಒಳಬದಿಯಿಂದ ತಳ್ಳುವುದನ್ನೂ ಈಗ ತೋರಿಸಬಹುದು. ಬೆರಳ ತುದಿಯಿಂದ ಒದ್ದರೆ ಚೆಂಡು ಎತ್ತಲೋ ಹೋಗುತ್ತದೆ, ನೋವೂ ಆಗುತ್ತದೆ.

ನಾಲ್ಕನೇ ವಾರ: ಗಾರ್ಡು, ಕಾಲುಚೀಲ, ಶೂ ಎಲ್ಲ ಹಾಕಿ ಅದೇ ಆಟಗಳು. ಮೈ ಮೇಲೆ ಏನೋ ಬಿಗಿದಂತಿದೆ ಎಂಬ ಕಿರಿಕಿರಿ ಇಲ್ಲೇ ಕಳೆಯಲಿ.

ಮನೆಯಲ್ಲಿ ಕನ್ನಡ ಮಾತ್ರ ಆಡುವ, ಇನ್ನೂ ಪ್ರೀಸ್ಕೂಲ್ ನೋಡದ ಮಗುವಾದರೆ ಒಂದು ಕೆಲಸ ಜಾಸ್ತಿ. ಮೈದಾನದಲ್ಲಿ ಬರುವ ಮಾತುಗಳನ್ನು ಆಟದಲ್ಲೇ ಸೇರಿಸಿ: ಸ್ಟಾಪ್, ಫ್ರೀಜ್, ಡ್ರಿಬಲ್, ಪಾಸ್, ಲೈನ್ ಅಪ್, ಸಬ್ (ಒಬ್ಬರ ಬದಲಿಗೆ ಇನ್ನೊಬ್ಬರು), ವಾಟರ್ ಬ್ರೇಕ್. ಮನೆಯ ಕನ್ನಡವನ್ನು ಬಿಡಬೇಕಿಲ್ಲ, ದಯವಿಟ್ಟು ಬಿಡಲೇಬೇಡಿ. ಈ ಏಳೆಂಟು ಪದ ಕಿವಿಗೆ ಬಿದ್ದಿದ್ದರೆ ಸಾಕು. ಜೊತೆಗೆ "ನನಗೆ ಬಾತ್‌ರೂಮಿಗೆ ಹೋಗಬೇಕು" ಎಂಬುದನ್ನು ಕೋಚ್‌ಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲು ಕಲಿಸಿ. ನನ್ನ ಮಗಳು ಆ ಮೊದಲ ಸೀಸನ್‌ನಲ್ಲಿ ಆಟ ಬಿಟ್ಟಳು ಎಂದೆನಲ್ಲ, ಮೂರನೇ ಶನಿವಾರ ಚಡ್ಡಿ ಒದ್ದೆ ಮಾಡಿಕೊಂಡು ಎಲ್ಲರ ನಡುವೆ ಸುಮ್ಮನೆ ನಿಂತಿದ್ದಳು. ಕಾರಣ ನಮಗೆ ತಿಳಿದದ್ದು ತಿಂಗಳ ಮೇಲೆ.

4. ಮೈದಾನವನ್ನು ಒಮ್ಮೆ ಖಾಲಿ ತೋರಿಸಿ

ಸೀಸನ್ ಶುರುವಾಗುವ ವಾರ, ಒಂದು ಸಂಜೆ ಯಾರೂ ಇಲ್ಲದ ಹೊತ್ತಿಗೆ ಕರೆದುಕೊಂಡು ಹೋಗಿ. ಬಿಳಿ ಗೆರೆಯ ಮೇಲೆ ಸುತ್ತ ನಡೆಯಿರಿ. ಈ ವಯಸ್ಸಿನವರ ಮೈದಾನ 25ರಿಂದ 35 ಗಜ ಉದ್ದ, 15ರಿಂದ 25 ಗಜ ಅಗಲ, ಒಂದು ಸುತ್ತಿಗೆ ಎರಡು ನಿಮಿಷವೂ ಬೇಡ. "ಈ ಗೆರೆಯ ಒಳಗೆ ನೀನು, ಹೊರಗೆ ಅಮ್ಮ. ಎಲ್ಲಿ ನಿಂತರೂ ನಾನು ಕಾಣಿಸ್ತೀನಿ" ಎಂದು ತೋರಿಸಿಕೊಡಿ.

ಗೋಲಿನ ಕಂಬ ಹಿಡಿದು ಜೋತಾಡಲು ಬಿಡಬೇಡಿ. ಎತ್ತಿ ಇಡುವ ಗೋಲುಗಳು ನೆಲಕ್ಕೆ ಬಿಗಿದಿರದಿದ್ದರೆ ಮಗುಚಿ ಬೀಳುತ್ತವೆ. ಹಾಗೆ ಬಿದ್ದು ಮಕ್ಕಳ ಜೀವ ಹೋದದ್ದಿದೆ. ಕಂಬದ ಹಿಂದೆ ಮರಳು ಚೀಲವೋ ಗೂಟವೋ ಇದೆಯಾ ಎಂದು ನೋಡಿ, ಇಲ್ಲದಿದ್ದರೆ ಲೀಗ್‌ಗೆ ತಿಳಿಸಿ.

ಅಲ್ಲಿನ ಪ್ಲಾಸ್ಟಿಕ್ ಶೌಚಾಲಯವನ್ನೂ ಇದೇ ದಿನ ತೋರಿಸಿಬಿಡಿ. ಕತ್ತಲು, ವಾಸನೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಚಿಕ್ಕವರಿಗೆ ಇದು ನಿಜವಾಗಿ ಭಯ.

5. ಶನಿವಾರ ಬೆಳಗಿನ ಕ್ರಮ

ಹಿಂದಿನ ರಾತ್ರಿಯೇ ಚೀಲ ತುಂಬಿ: ನೀರು, ಚೆಂಡು, ಇನ್ನೊಂದು ಜೊತೆ ಕಾಲುಚೀಲ, ಟವೆಲ್, ಬ್ಯಾಂಡೇಜ್. ಆಸ್ತಮಾ ಇದ್ದರೆ ಇನ್ಹೇಲರ್ ಚೀಲದಲ್ಲಿರಬೇಕು, ಕಾರಿನಲ್ಲಲ್ಲ.

ಆಟಕ್ಕೆ ಒಂದೂವರೆ ಗಂಟೆ ಮುಂಚೆ ತಿಂಡಿ ಮುಗಿಯಲಿ. ಎರಡು ಇಡ್ಲಿಯೋ ಒಂದು ಬಾಳೆಹಣ್ಣೋ ಸಾಕು. ತುಪ್ಪದ ದೋಸೆ, ಪೂರಿ ತಿಂದು ಓಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ.

ಗಾರ್ಡು, ಕಾಲುಚೀಲ ಮನೆಯಲ್ಲೇ ಹಾಕಿ ಹೊರಡಿ. ಪಾರ್ಕಿಂಗ್ ಜಾಗದಲ್ಲಿ ಅವಸರದಿಂದ ಹಾಕಿಸಿದಿರೋ, ನಿಮ್ಮ ಗಾಬರಿಯೆಲ್ಲ ಮಗುವಿಗೆ ದಾಟುತ್ತದೆ. ಕ್ಲೀಟ್ಸ್ ಮಾತ್ರ ಅಲ್ಲಿ ಹೋಗಿ ಹಾಕಿ, ಡಾಂಬರಿನ ಮೇಲೆ ನಡೆದರೆ ಜಾರುತ್ತದೆ. ಇಪ್ಪತ್ತು ನಿಮಿಷ ಮುಂಚೆ ತಲುಪಿ. ಗುಂಪು ನೆರೆದ ಮೇಲೆ ನುಗ್ಗುವುದಕ್ಕಿಂತ, ಮೊದಲೇ ಬಂದು ಒಬ್ಬೊಬ್ಬರು ಬರುವುದನ್ನು ನೋಡುವುದು ಮಗುವಿಗೆ ಸಲೀಸು.

ಕೋಚ್ ಬಳಿಗೆ ನೀವೇ ಹೋಗಿ. ಬಹುಪಾಲು ಅವರೂ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ, ಸಂಬಳವಿಲ್ಲದೆ ಬಂದವರು. ಮೂರು ವಿಷಯ ಹೇಳಿ: ಹೆಸರನ್ನು ಹೇಗೆ ಕರೆಯಬೇಕು, ಅಲರ್ಜಿ ಏನಿದೆ, ಹೆದರಿದರೆ ಏನು ಮಾಡಿದರೆ ಸಮಾಧಾನವಾಗುತ್ತದೆ. ನಮ್ಮ ಉದ್ದ ಹೆಸರುಗಳು ಅವರ ನಾಲಿಗೆಗೆ ಸಿಗದೆ, ಕೂಗಿದ್ದು ತನ್ನನ್ನೇ ಎಂದು ಮಗುವಿಗೆ ತಿಳಿಯದೇ ಹೋಗುವುದುಂಟು. ಮನೆಯ ಚಿಕ್ಕ ಹೆಸರನ್ನೇ ಕೊಡಿ.

6. ಮಗು ಒಳಗೆ ಹೋಗದಿದ್ದರೆ: ಗೆರೆಯಿಂದ ಒಳಕ್ಕೆ ನಾಲ್ಕು ಹೆಜ್ಜೆ

ತಳ್ಳಬೇಡಿ. ಲಂಚ ಕೊಡಬೇಡಿ. "ನೋಡು, ಎಲ್ರೂ ಆಡ್ತಿದ್ದಾರೆ, ನಿನಗೇನಾಗಿದೆ?" ಎಂಬ ಮಾತು ಬಾಯಿಂದ ಬರಲೇಬಾರದು. ಸಿಟ್ಟಿನಲ್ಲಿ ಕೈಹಿಡಿದು ಕಾರಿಗೆ ಎಳೆದುಕೊಂಡು ಹೋಗುವುದು ಇನ್ನೂ ಕೆಟ್ಟದ್ದು. ಮುಂದಿನ ಶನಿವಾರ ಮಗುವಿಗೆ ನೆನಪಿರುವುದು ಅದೊಂದೇ. ಅಭ್ಯಾಸ ಮುಗಿಯುವವರೆಗೂ ಅಲ್ಲೇ ಇರಿ.

ಮೊದಲ ಹೆಜ್ಜೆ: ಗೆರೆಯ ಹೊರಗೆ ನೀವೂ ಮಗುವೂ ನೆಲದ ಮೇಲೆ ಕೂರುವುದು, ಮಗುವಿನ ಕಾಲ ಹತ್ತಿರ ಅದರದೇ ಚೆಂಡು. ನೋಡಿದರೆ ಸಾಕು. ಎರಡನೆಯದು: ವಾಟರ್ ಬ್ರೇಕ್‌ನಲ್ಲಿ ತಂಡದ ಜೊತೆ ನೀರು ಕುಡಿಯುವುದು. ಮೂರನೆಯದು: ಕೋಚ್ ಒಪ್ಪಿದರೆ ನೀವೂ ಒಳಗೆ ಹೋಗಿ ಒಂದು ಆಟದಲ್ಲಿ ಸೇರುವುದು, ಪ್ರತಿ ಐದು ನಿಮಿಷಕ್ಕೆ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತ. ನಾಲ್ಕನೆಯದು: ಪಂದ್ಯದ ಒಂದೇ ಒಂದು ಕ್ವಾರ್ಟರ್, ಅಂದರೆ ಕಾಲು ಭಾಗ.

ನನ್ನ ಮಗನಿಗೆ ಇದಕ್ಕೆ ಮೂರು ಶನಿವಾರ ಹಿಡಿಯಿತು. ಮೊದಲ ವಾರವಿಡೀ ಹುಲ್ಲು ಕೀಳುತ್ತ ಕೂತಿದ್ದ. ಎರಡನೇ ವಾರ ಚೆಂಡೊಂದು ಉರುಳಿ ನಮ್ಮ ಕಡೆ ಬಂತು. ಅವನು ಎದ್ದು, ಅಂಗಾಲಿನಿಂದ ತುಳಿದು ನಿಲ್ಲಿಸಿ, ಒಳಬದಿಯಿಂದ ವಾಪಸ್ ತಳ್ಳಿದ. ಒಳಗಿದ್ದ ಹುಡುಗಿ "ಥ್ಯಾಂಕ್ಯೂ" ಅಂದಳು. ನನ್ನ ಕಡೆ ತಿರುಗಿ "ಅಮ್ಮಾ, ನಿಂತ್ಕೊಳ್ತು" ಅಂದ. ಅಷ್ಟು ಹೊತ್ತಿಗೆ ನನ್ನ ಕೈಬೆರಳು ಬಿಟ್ಟಿದ್ದ.

7. ಪಂದ್ಯದ ಹೊತ್ತಿಗೆ ನೀವು ಮಾಡಬೇಕಾದ್ದು

ಈ ವಯಸ್ಸಿಗೆ ನಾಲ್ಕು ಜನ ಎದುರು ನಾಲ್ಕು ಜನ. ಗೋಲ್‌ಕೀಪರ್ ಇಲ್ಲ, ಆಫ್‌ಸೈಡ್ ಇಲ್ಲ, ತಲೆಯಿಂದ ಹೊಡೆಯುವಂತಿಲ್ಲ. ಚಿಕ್ಕ ಚಿಕ್ಕ ಕ್ವಾರ್ಟರ್‌ಗಳು. ಮಕ್ಕಳೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಚೆಂಡಿನ ಸುತ್ತ ಮುತ್ತಿಕೊಳ್ಳುತ್ತಾರೆ. ಅದು ತಪ್ಪಲ್ಲ, ತಿದ್ದಲು ಹೋಗಬೇಡಿ. "ನಿನ್ನ ಜಾಗದಲ್ಲೇ ನಿಲ್ಲು" ಎಂದು ಕಲಿಸಿದ ಮಗು ಚೆಂಡನ್ನೇ ಮುಟ್ಟದೆ ಮನೆಗೆ ಬರುತ್ತದೆ. ತನ್ನ ಗೋಲಿಗೇ ಹೊಡೆದರೂ ಚಪ್ಪಾಳೆ ತಟ್ಟಿ; ಯಾವ ಕಡೆ ಎಂಬುದು ತಾನಾಗಿ ತಿಳಿಯುತ್ತದೆ.

ಕೂಗಿ ಹೇಳಿಕೊಡುವುದನ್ನು ಪೂರ್ತಿ ನಿಲ್ಲಿಸಿ. ಒಂದು ಸಲ ಮಗನ ಕಾಲಲ್ಲಿ ಚೆಂಡಿತ್ತು, ಮುಂದೆ ಗೋಲು ಖಾಲಿ. ತಡೆಯಲಾರದೆ "ಒದಿ, ಒದಿ!" ಎಂದು ಕೂಗಿದೆ. ನನ್ನ ದನಿ ಕೇಳಿದ್ದೇ ಅವನು ನಿಂತು, ತಿರುಗಿ, ಏನಮ್ಮಾ ಎಂಬಂತೆ ನನ್ನ ಮುಖ ನೋಡಿದ. ಚೆಂಡು ಹೋಯಿತು. ಅಮ್ಮ ಕರೆದರೆ ತಿರುಗಿ ನೋಡಬೇಕು ಎಂದು ಕಲಿಸಿದವಳು ನಾನೇ ಅಲ್ಲವೇ? ಹೆಸರು ಹಿಡಿದು ಕರೆಯದೆ, ಆಟ ನಿಂತಾಗ ಮಾತ್ರ ಚಪ್ಪಾಳೆ ತಟ್ಟಿ. ಇನ್ನೊಂದು ತಂಡದ ಮಕ್ಕಳಿಗೂ ತಟ್ಟಿ.

ವಾಪಸು ಬರುವಾಗ ಕಾರಿನಲ್ಲಿ ಆಟದ ವಿಮರ್ಶೆ ಬೇಡವೇ ಬೇಡ. "ನೀನು ಓಡೋದು ನೋಡಿ ಖುಷಿಯಾಯ್ತು ಕಣೋ" ಎಂದು ಹೇಳಿ, ಮಧ್ಯಾಹ್ನಕ್ಕೆ ಏನು ಬೇಕು ಎಂದು ಕೇಳಿ.

ತಂಡಕ್ಕೆ ಸ್ನ್ಯಾಕ್ ಒಯ್ಯುವ ಸರದಿ ನಿಮಗೆ ಬಂದರೆ ಕಿತ್ತಳೆ ಹೋಳು, ದ್ರಾಕ್ಷಿಯಂಥವೇ ಸರಿ. ಚಿಕ್ಕವರಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಪ್ರೀತಿಯಿಂದ ಶೇಂಗಾ ಚಿಕ್ಕಿಯನ್ನೋ ಗೋಡಂಬಿ ಬರ್ಫಿಯನ್ನೋ ಒಯ್ಯಬೇಡಿ. ತಂಡದಲ್ಲಿ ಕಡಲೆಕಾಯಿಯದೋ ಗೋಡಂಬಿಯದೋ ಅಲರ್ಜಿ ಇರುವ ಒಂದು ಮಗುವಿದ್ದರೂ ಅಪಾಯ.

8. ಆಟ ನಿಲ್ಲಿಸಲೇಬೇಕಾದ ಸೂಚನೆಗಳು

ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ಮಂಕು, ತಲೆಸುತ್ತು, ಕೇಳಿದ್ದನ್ನೇ ಕೇಳುವುದು ಇವುಗಳಲ್ಲಿ ಒಂದು ಕಂಡರೂ ಆ ದಿನ ಆಟ ಮುಗಿಯಿತು. ವೈದ್ಯರು ಒಪ್ಪಿದ ಮೇಲಷ್ಟೇ ಮತ್ತೆ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಇವಕ್ಕೆ ಕಾಯದೆ 911ಕ್ಕೆ (ತುರ್ತು ಸಹಾಯದ ನಂಬರು) ಕರೆ ಮಾಡಿ.

ಗುಡುಗು ಕೇಳಿದರೆ ಮರದ ಕೆಳಗಲ್ಲ, ಕಾರಿನೊಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಮೈದಾನಕ್ಕೆ ಕಾಲಿಡುವಂತಿಲ್ಲ.

ಚೆಂಡು ಪೊದೆಯೊಳಗೆ ಹೋಗಿ ಮಗು ಹುಡುಕಿ ತಂದಿದ್ದರೆ, ಮನೆಗೆ ಬಂದು ಸ್ನಾನ ಮಾಡಿಸುವಾಗ ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ ಉಣ್ಣಿ (ಟಿಕ್) ಕಚ್ಚಿಕೊಂಡಿದೆಯಾ ನೋಡಿ. ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆ ನ್ಯೂಜೆರ್ಸಿಯಲ್ಲಿ ಸಾಮಾನ್ಯ. ಅಗಲವಾಗುತ್ತ ಹೋಗುವ ಕೆಂಪು ಗುರುತು, ಜ್ವರ ಕಂಡರೆ ತಡ ಮಾಡಬೇಡಿ.

ಮನಸ್ಸಿನ ಸೂಚನೆಗಳೂ ಇವೆ. ಮೈದಾನದಲ್ಲಿ ಅಳುವ ಮಗು ಹತ್ತು ನಿಮಿಷದಲ್ಲಿ ಸರಿಹೋದರೆ ಚಿಂತೆಯಿಲ್ಲ. ಶುಕ್ರವಾರ ರಾತ್ರಿಯಿಂದಲೇ ಹೊಟ್ಟೆನೋವು, ಕಾಲುಚೀಲ ಕಂಡರೆ ಅಡಗಿಕೊಳ್ಳುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರೆತ್ತಿದರೆ ಸುಮ್ಮನಾಗುವುದು, ಇವು ಬೇರೆ. ಆಗ ಆಟದ ಮಾತು ಬದಿಗಿಟ್ಟು, ಮಗುವನ್ನು ಪಕ್ಕ ಕೂರಿಸಿಕೊಂಡು ನಿಧಾನಕ್ಕೆ ಕೇಳಿ. ಮಗಳ ವಿಷಯದಲ್ಲಿ ನಾನು ಕೇಳಲು ತಡ ಮಾಡಿದೆ.

9. ಸೀಸನ್ ಮುಗಿದ ಮೇಲೆ

ಪದಕ ಕೊಟ್ಟ ದಿನವೇ "ವಸಂತಕ್ಕೂ ಹಾಕಲಾ?" ಎಂದು ಕೇಳಬೇಡಿ, ಆ ದಿನ ಎಲ್ಲ ಮಕ್ಕಳೂ ಹೂಂ ಅನ್ನುತ್ತವೆ. ಎರಡು ವಾರ ಬಿಡಿ. ಚೆಂಡನ್ನು ಕಣ್ಣಿಗೆ ಬೀಳುವಲ್ಲಿ ಇಡಿ. ಯಾರೂ ಹೇಳದೆ ಮಗು ತಾನಾಗಿ ಅದನ್ನು ಹಿಡಿದರೆ ಹೆಸರು ಕೊಡಿ. ಮುಟ್ಟದಿದ್ದರೆ ಒಂದು ಸೀಸನ್ ಬಿಡಿ. ನಮ್ಮ ಮಗಳು ಎರಡು ವರ್ಷ ಬಿಟ್ಟು, ತಮ್ಮನ ಜೊತೆ ಹಾಲಿನಲ್ಲಿ ಆಡುತ್ತ ಆಡುತ್ತ, ತಾನೇ ಬಂದು ಕೇಳಿದಳು.

ಶೂವಿನ ಮಣ್ಣನ್ನು ಒಣಗಿದ ಮೇಲೆ ಬಡಿದು ತೆಗೆದು, ಒಳಗೆ ಪೇಪರ್ ತುರುಕಿ ಇಡಿ. ಬಿಸಿಗಾಳಿಯ ಮುಂದಿಟ್ಟರೆ ಅಂಟು ಬಿಡುತ್ತದೆ. ಮಾರ್ಚ್‌ನಲ್ಲಿ ಹೊರಗೆ ತೆಗೆದಾಗ ಮೊದಲು ಕಾಲಿಗೆ ಹಾಕಿ ನೋಡಿ, ನಾಲ್ಕು ತಿಂಗಳಲ್ಲಿ ಪಾದ ಅರ್ಧ ಸೈಜ್ ಬೆಳೆದಿರಬಹುದು.